ಕಂಬಳಿಯ ಕಿಡಿ ಹಿಡಿದ ಬರಣಿ

ಆ ಬರಣಿಯನ್ನು ನಾನು ಮಾಡಿದ್ದು ಸಿಟ್ಟಿನಿಂದ. ವಿಜ್ಞಾನದ ಮೇಲಿನ ಪ್ರೀತಿಯಿಂದ ಮಾಡಿದೆ ಅಂತ ಈಗ ದೊಡ್ಡಸ್ತಿಕೆ ಕೊಚ್ಚಿಕೊಳ್ಳಬಹುದು, ಆದರೆ ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಗಳಿಸುವುದೇನಿದೆ. ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ ಮೈಯೊಳಗೆ ಏನೋ ಹೊಕ್ಕಿದೆ ಅಂತ ಹೇಳಿ ಬಸುರಿಯನ್ನು ಉಡಿ ತುಂಬದೆ ತವರಿಗೆ ಕಳಿಸಲು ಹೊರಟಿದ್ದರು. ಏನೂ ಹೊಕ್ಕಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟು ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದೋ ರೊಟ್ಟಿಯನ್ನು ಓಣಿಗೆಲ್ಲ ಕೇಳುವ ಹಾಗೆ ಬಡಿಯುತ್ತೇನೆ, ಇಲ್ಲದಿದ್ದರೆ ಏನಾದರೂ ಮಾಡಿಡುತ್ತೇನೆ.

ನಿಜಾಮರ ಆಳಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿರಬೇಕು. ಸಿಂಧನೂರಿನ ಕಡೆ ಕಾಲುವೆ ಅಗೆಯುವ ಸುದ್ದಿ ಆಗಲೇ ಎಲ್ಲರ ಬಾಯಲ್ಲಿತ್ತು. ಮಸ್ಕಿಯ ಬಜಾರದಲ್ಲಿ ನಮ್ಮ ಮಾವನದು ಕಿರಾಣಿ ಅಂಗಡಿ, ಊರ ಹೊರಗೆ ಸ್ವಲ್ಪ ಹೊಲ. ನಾನು ಲಿಂಗಸೂಗೂರಿನವಳು. ಅಪ್ಪ ಅಲ್ಲಿ ಮಾಸ್ತರ. ಆಗೆಲ್ಲ ಸಾಲೆ ನಡೆಯುತ್ತಿದ್ದುದು ಉರ್ದುವಿನಲ್ಲಿ. ಅಪ್ಪ ಮನೆಯಲ್ಲಿ ವಚನ ಹೇಳುತ್ತಿದ್ದ, ಸಾಲೆಯಲ್ಲಿ ಉರ್ದು ಹೇಳುತ್ತಿದ್ದ, ಎರಡರಲ್ಲೂ ಅಷ್ಟೇ ಜೋರು ದನಿ. ನನ್ನನ್ನೂ ಏಳನೆಯ ಇಯತ್ತೆಯವರೆಗೆ ಓದಿಸಿದ. ಹೆಣ್ಣು ಹುಡುಗಿ ಇಷ್ಟು ಓದಿ ಎಲ್ಲಿ ತಹಶೀಲದಾರಳಾಗಬೇಕು ಅಂತ ಓಣಿಯವರು ಕೇಳಿದರೆ, ಆಗದಿದ್ದರೆ ತಹಶೀಲದಾರನನ್ನು ಬೈಯುವಷ್ಟಾದರೂ ಕಲಿಯಲಿ ಅನ್ನುತ್ತಿದ್ದ. ನನ್ನ ಮದುವೆ ಮಾಡಿ ಸ್ವಲ್ಪ ದಿನಕ್ಕೆ ತೀರಿಕೊಂಡ.

ನೆಗೆಣ್ಣಿ ಬಂದಿದ್ದು ಪಾಮನಕಲ್ಲೂರಿನಿಂದ. ತಾಯಿ ಇಲ್ಲದ ಹುಡುಗಿ, ಅಣ್ಣ ಅತ್ತಿಗೆಯರ ಕೈಯಲ್ಲಿ ಬೆಳೆದವಳು. ಮಾತು ಅಂದರೆ ಅವಳಿಗೆ ಭಾರ. ಕೇಳಿದರೆ ತಲೆ ಅಲ್ಲಾಡಿಸುತ್ತಿದ್ದಳು, ಎರಡನೇ ಸಲ ಕೇಳಿದರೆ "ಹೂಂ ಯಕ್ಕಾ" ಅನ್ನುತ್ತಿದ್ದಳು. ಮೊದಲ ತಿಂಗಳಲ್ಲಿ ನನಗೆ ಇವಳ ಮೇಲೂ ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಒಲೆಯ ಮುಂದೆ ಇಬ್ಬರೂ ಕೂತರೆ ನಾನು ಮಾತಾಡುವುದು, ಅವಳು ಕೇಳುವುದು. ಹಾಗೆ ಕೇಳುವವರು ನನಗೆ ಮುಂಚೆ ಸಿಕ್ಕಿರಲಿಲ್ಲ.

ಅವಳಿಗೆ ಏಳು ತಿಂಗಳು ತುಂಬಿದಾಗ ಕುಬಸ ಇಟ್ಟುಕೊಂಡೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಮುತ್ತೈದೆಯರು ಅಕ್ಕಿ ಕೊಬ್ಬರಿಯಿಂದ ಉಡಿ ತುಂಬುವ ಕಾರ್ಯ. ಅದಾದ ಮೇಲೆ ಬಸುರಿ ಹೆರಿಗೆಗೆ ತವರಿಗೆ ಹೋಗುತ್ತಾಳೆ. ತುಂಬಿದ ಉಡಿಯಲ್ಲಿ ಹೋದವಳು ಕೂಸಿನ ಜೊತೆ ತಿರುಗಿ ಬರುತ್ತಾಳೆ ಅಂತ ಎರಡು ಮನೆಯ ನಡುವಿನ ಮಾತು ಅದು. ಬಾಯಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಚಳಿಗಾಲ. ನಮ್ಮ ಕಡೆಯ ಚಳಿಗಾಲ ಬಹಳ ಒಣ, ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಕಾರ್ಯಕ್ಕೆ ಕಂಬಳಿ ಗದ್ದಿಗೆ ಹಾಕುವುದು ನಮ್ಮ ಪದ್ಧತಿ. ಎತ್ತರದ ಮಣೆಯ ಮೇಲೆ ಕುರುಬರ ಹೊಸ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಅವಳನ್ನು ಕಾಲು ಮಡಚಿ ಕೂಡಿಸಿದೆವು. ಸೀರೆ ಅವಳ ಅಣ್ಣ ತಂದುಕೊಟ್ಟು ಹೋದದ್ದು. ಖರೇ ರೇಷ್ಮೆ ಅಲ್ಲ, ಆಗ ಹೊಸದಾಗಿ ಬರುತ್ತಿದ್ದ ಮಿರಿಮಿರಿ ಮಿಂಚುವ ನಕಲಿ ರೇಷ್ಮೆ. ಬಡವ ಪಾಪ, ತಂಗಿಗೆ ಹೊಳೆಯುವುದು ಇರಲಿ ಅಂತ ತಂದಿದ್ದ. ಹೆಂಗಸರು ಸುಮ್ಮನಿರುತ್ತಾರೆಯೇ? ಇತ್ತ ಸರಿ, ಅತ್ತ ಸರಿ, ಗೋಡೆಗೆ ಒರಗು, ಸ್ವಲ್ಪ ಮುಂದೆ ಬಾ ಅಂತ ಹುಡುಗಿಯನ್ನು ಕಂಬಳಿಯ ಮೇಲೆ ಸಾಕಷ್ಟು ಎಳೆದಾಡಿದರು.

ಮೊದಲು ಕುಂಕುಮ ಹಚ್ಚುವ ಹಕ್ಕು ಮುಕ್ಕುಂದದ ದೊಡ್ಡವ್ವನದು. ನಮ್ಮ ಅತ್ತೆಯ ಅಕ್ಕ. ಎತ್ತರದ ಹೆಂಗಸು, ಬೆಳ್ಳಿ ಉಂಗುರದ ಕೈ, ಯಾವ ಮನೆಗೆ ಹೋದರೂ ಮೊದಲು ಒಲೆ ನೋಡಿ ತಪ್ಪು ಹೇಳುವ ಅಭ್ಯಾಸ. ದೊಡ್ಡವ್ವ ಕುಂಕುಮದ ಬಟ್ಟಲು ಹಿಡಿದು ಬಾಗಿದರು, ನೆಗೆಣ್ಣಿ ಹಣೆ ಮುಂದೆ ಮಾಡಿದಳು. ಬೆರಳು ಇನ್ನೂ ಹಣೆ ಮುಟ್ಟಿರಲಿಲ್ಲ, ಚಟ್ ಅಂತ ಸದ್ದು. ದೊಡ್ಡವ್ವ ಹಿಂದಕ್ಕೆ ಹಾರಿದರು. ಬಟ್ಟಲು ಬಿದ್ದು ಕುಂಕುಮವೆಲ್ಲ ಸಗಣಿ ಸಾರಿಸಿದ ನೆಲದ ಮೇಲೆ ಚೆಲ್ಲಿತು.

ಹುಡುಗಿ ಹೆದರಿ ಹಿಂದಕ್ಕೆ ಸರಿದಳು, ಅತ್ತೆ ಹೋಗಿ ಮತ್ತೆ ಮುಂದಕ್ಕೆ ಎಳೆದರು. ದೊಡ್ಡವ್ವ ಧೈರ್ಯ ಮಾಡಿ ಇನ್ನೊಮ್ಮೆ ಕೈ ಚಾಚಿದರು. ಈ ಸಲ ಮೂಗುಬೊಟ್ಟಿನ ಹತ್ತಿರ ಚಟ್ ಅಂತು. ಕಿಡಿಯನ್ನು ನಾನೂ ನೋಡಿದೆ, ನೀಲಿ, ಸಾಸಿವೆಕಾಳಿನಷ್ಟು.

"ಇಕಿ ಮೈಯಾಗ ಏನೋ ಐತಿ," ಅಂದರು ದೊಡ್ಡವ್ವ. "ಬಸುರಿ ಹಣಿ ಮುಟ್ಟಿದ್ರ ಬೆಂಕಿ ಹಾರತೈತಿ ಅಂದ್ರ ಸುಮ್ನ ಬಿಡೂ ಮಾತಲ್ಲ ಇದು. ಉಡಿ ತುಂಬೂದು ಬ್ಯಾಡ. ಅಮಾಸಿ ಆದ ಮ್ಯಾಲೆ ಅವರಣ್ಣ ಬಂಡಿ ತರ್ತಾನ, ಹಂಗ ಕಳಸ್ರಿ. ಹಡದ ಮ್ಯಾಲೆ ನೋಡೂನು."

ಹಡೆದ ಮೇಲೆ ನೋಡೋಣ ಅಂದರೆ ಅರ್ಥವೇನು ಅಂತ ಅಲ್ಲಿದ್ದವರಿಗೆಲ್ಲ ತಿಳಿಯಿತು. ಹುಡುಗಿಗೂ ತಿಳಿಯಿತು. ಬರಿ ಉಡಿಯಲ್ಲಿ ಅತ್ತಿಗೆಯ ಮನೆಗೆ ಹೋಗಿ, ಕೂಸು ಹಡೆದು, ಇಲ್ಲಿಂದ ಕರೆ ಬರುತ್ತದೋ ಇಲ್ಲವೋ ಅಂತ ಬಾಗಿಲು ನೋಡುತ್ತ ಕೂಡಬೇಕು. ಅವಳು ಮಣೆಯಿಂದ ತಾನೇ ಇಳಿದು ಒಳಗೆ ಹೋದಳು. ಸೆರಗಿನಲ್ಲಿ ಏನೂ ಇರಲಿಲ್ಲ, ಆದರೂ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಅವತ್ತಿನಿಂದ ಅವಳು ಅಡಿಗೆಮನೆಗೆ ಬರುವ ಹಾಗಿಲ್ಲ. ನೀರಿನ ತಂಬಿಗೆ ಬೇರೆ, ಹಾಸಿಗೆ ಬೇರೆ. ಮೈದುನ ಅಂಗಡಿಯಲ್ಲಿ ಬೆಲ್ಲದ ಪೆಂಟೆಯ ಹಿಂದೆ ಮುಖ ಮರೆಸಿಕೊಂಡು ಕೂತ. ನನ್ನ ಗಂಡನಿಗೆ ಹೇಳಿದರೆ, "ಹೆಂಗಸರ ಯವಾರದಾಗ ನಾ ಬರೂದಿಲ್ಲ," ಅಂದರು. ಗಂಡಸರ ವ್ಯವಹಾರದಲ್ಲಿ ಮಾತ್ರ ನಾನು ರೊಟ್ಟಿ ಕಟ್ಟಿಕೊಡಬೇಕು, ಅದು ನಡೆಯುತ್ತದೆ. ದೊಡ್ಡವ್ವ ಈ ಕೆಲಸ ಮುಗಿಯುವವರೆಗೆ ಮುಕ್ಕುಂದಕ್ಕೆ ಹೋಗುವುದಿಲ್ಲ ಅಂತ ಪಡಸಾಲೆಯಲ್ಲಿ ತಳವೂರಿದರು.

ಅತ್ತೆ ಒಬ್ಬರೇ ಜೋಳ ಹಸನು ಮಾಡುವಾಗ ನಾನು ಹತ್ತಿರ ಕೂತೆ. "ಅತ್ತಿ, ಅದು ಆ ಹುಡಿಗಿ ಮೈಯಾಗಿಂದಲ್ರಿ. ಕಂಬಳಿ, ಆ ಸೀರಿ ಎರಡೂ ತಿಕ್ಕಿದ್ರ ಬಿಜಲಿ ಹುಟ್ಟತೈತಿ. ಒಣ ಹವಾದಾಗ ಯಾರ ಕುಂತ್ರೂ ಅಷ್ಟ. ನಮ್ಮಪ್ಪ ಸಾಲ್ಯಾಗ ಮಾಡಿ ತೋರಸ್ತಿದ್ದ."

ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ. "ನಿಮ್ಮಪ್ಪ ಉರ್ದುದಾಗ ತೋರಿಸ್ಯಾನ. ನಮ್ಮನಿ ದೇವರಿಗೆ ಉರ್ದು ಬರಂಗಿಲ್ಲವಾ."

ನನಗೆ ಸಿಟ್ಟಿನಲ್ಲೂ ನಗು ಬಂತು. ಅತ್ತೆ ಕೆಟ್ಟವರಲ್ಲ. ಅಕ್ಕನ ಮಾತು ಮೀರಿ ಅಭ್ಯಾಸವಿಲ್ಲದವರು, ಅಷ್ಟೇ. ಮೊರ ಕೊಡವಿ ಅವರೇ ಅಂದರು, "ಖರೇ ಇದ್ರ ಕಣ್ಣಿಗೆ ತೋರಸು. ನನಗ ತೋರಿಸಿದ್ರ ಸಾಲದು, ಅಕ್ಕಗ ತೋರಸು."

ಅಪ್ಪ ಮಾಡುತ್ತಿದ್ದ ಉಪಕರಣ ನನಗೆ ಅರ್ಧಂಬರ್ಧ ನೆನಪಿತ್ತು. ಒಂದು ಗಾಜಿನ ಸೀಸೆ. ಬಾಯಿಯ ಬಿರಡೆಯೊಳಗಿಂದ ಇಳಿದ ಒಂದು ತಂತಿ. ತಂತಿಯ ಕೆಳತುದಿಗೆ ಜೋತುಬಿದ್ದ ಎರಡು ತೆಳು ಲೋಹದ ಹಾಳೆ. ಬಿಜಲಿ, ಅಂದರೆ ವಿದ್ಯುತ್ತು, ಇರುವ ವಸ್ತುವನ್ನು ಮೇಲಿನ ತುದಿಗೆ ಹಿಡಿದರೆ ಎರಡೂ ಹಾಳೆಗೆ ಒಂದೇ ತರಹದ ಬಿಜಲಿ ಇಳಿದು, ಒಂದನ್ನೊಂದು ದೂಡಿ ಅಗಲವಾಗುತ್ತವೆ. ಇಲ್ಲದಿದ್ದರೆ ಸುಮ್ಮನೆ ಜೋತಿರುತ್ತವೆ. ಇಷ್ಟೇ. ಬಿಜಲಿ ಇದೆಯೋ ಇಲ್ಲವೋ ಅಂತ ಹೇಳುವ ಸಾಕ್ಷಿ ಅದು.

ಅಂಗಡಿಯಿಂದ ಪೆಪ್ಪರಮಿಂಟಿನ ಗಾಜಿನ ಬರಣಿ ತಂದೆ. ಪೆಪ್ಪರಮಿಂಟು ಡಬ್ಬಿಗೆ ಸುರಿದಿದ್ದಕ್ಕೆ ಮಾವ ಎರಡು ದಿನ ಗೊಣಗಿದರು. ದೇವರ ಮುಂದಿನ ತೂಗುದೀಪದ ಮುರಿದ ಹಿತ್ತಾಳೆ ತಂತಿ ಮಾಡಿನಲ್ಲಿ ಸಿಕ್ಕಿಸಿಟ್ಟದ್ದಿತ್ತು, ಅದನ್ನು ಇಳಿಸಿಕೊಂಡು ಮೇಲಿನ ತುದಿಯನ್ನು ಸುರುಳಿ ಸುತ್ತಿ ದುಂಡನೆಯ ಗುಂಡಿ ಮಾಡಿದೆ. ಬಿರಡೆಯದೇ ತಾಪತ್ರಯ. ತಂತಿ ಬರಣಿಗಾಗಲಿ ಬಿರಡೆಗಾಗಲಿ ನೇರವಾಗಿ ತಾಗಬಾರದು, ತಾಗಿದರೆ ಬಿಜಲಿ ಸೋರಿಹೋಗುತ್ತದೆ. ರಟ್ಟನ್ನು ಬರಣಿಯ ಬಾಯಿಗೆ ಸರಿಯಾಗಿ ಕತ್ತರಿಸಿ, ನಡುವೆ ದೊಡ್ಡ ತೂತು ಮಾಡಿ, ತಂತಿಯನ್ನು ನಡುಮಧ್ಯ ಹಿಡಿದು ಸುತ್ತ ಮೇಣದಬತ್ತಿ ಕರಗಿಸಿ ಹೊಯ್ದೆ. ಎರಡು ಸಲ ಬೆರಳು ಸುಟ್ಟುಕೊಂಡೆ, ಮೂರನೇ ಸಲಕ್ಕೆ ಮೇಣ ನೆಟ್ಟಗೆ ನಿಂತಿತು.

ತೆಳು ಹಾಳೆಗೆ ಏನು ಮಾಡುವುದು? ಆಗ ನೆನಪಾದದ್ದು ವರ್ಖ. ಮಿಠಾಯಿಗೆ, ಮದುವೆಯ ಬೀಡಾಕ್ಕೆ ಹಚ್ಚುವ ಬೆಳ್ಳಿಯ ಹಾಳೆ. ನಮ್ಮ ಕಡೆ ಹಬ್ಬಕ್ಕೂ ಬೇಕು, ಈದಿಗೂ ಬೇಕು, ಹಾಗಾಗಿ ಅಂಗಡಿಯಲ್ಲಿ ಯಾವಾಗಲೂ ಕಾಗದದ ಮಡಿಕೆಯೊಳಗೆ ಇರುತ್ತಿತ್ತು. ಎಷ್ಟು ತೆಳುವೆಂದರೆ ಬೆರಳಿಗೆ ತಾಗಿದರೆ ಬೆರಳೇ ಬೆಳ್ಳಿಯಾಗುತ್ತದೆ, ಹಾಳೆ ಉಳಿಯುವುದಿಲ್ಲ. ಮೊದಲನೆಯದು ನನ್ನ ಉಸಿರಿಗೇ ಮುದ್ದೆಯಾಯಿತು. ಕಡೆಗೆ ಉಗ್ರಾಣದ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ಕಟ್ಟಿ, ಕಾಗದದ ಸಮೇತ ಕತ್ತರಿಸಿ, ತಂತಿಯ ತುದಿಗೆ ಒಂದು ಹನಿ ಗಂಜಿ ಹಚ್ಚಿ ಎರಡು ಪಟ್ಟಿ ಅಂಟಿಸಿದೆ. ಬರಣಿಯನ್ನು ಬಿಸಿಲಿಗೆ ಕಾಯಿಸಿ ಮುಚ್ಚಿದೆ. ಗಂಡ ರಾಯಚೂರಿನಿಂದ ತಂದ, ತಲೆ ಬಾಚುವ ಹೊಸ ನಮೂನೆಯ ಹಣಿಗೆ ನನ್ನಲ್ಲಿತ್ತು, ಕಟ್ಟಿಗೆಯದೂ ಅಲ್ಲ, ಕೊಂಬಿನದೂ ಅಲ್ಲ, ಪ್ಲಾಸ್ಟಿಕ್ಕಿನದು. ಅದನ್ನು ಕಂಬಳಿಗೆ ತಿಕ್ಕಿ ಗುಂಡಿಗೆ ಹಿಡಿದೆ. ಎರಡು ಪಟ್ಟಿಗಳೂ ಮೆಲ್ಲಗೆ ಅಗಲಿ ನಿಂತವು.

ಆ ಹೊತ್ತಿಗೆ ನನಗಾದ ಖುಷಿ ಇಷ್ಟು ಅಂತ ಹೇಳಲಾರೆ. ಅಪ್ಪ ತೀರಿದ ಮೇಲೆ ಅವತ್ತೇ ಮೊದಲ ಸಲ ಅವನನ್ನು ನೆನೆದು ಅಳದೆ ನಕ್ಕೆ.

ಮಾರನೆಯ ದಿನ ತೋರಿಸುವುದು ಅಂತ ನಿಶ್ಚಯವಾಯಿತು. ಬೆಳಿಗ್ಗೆ ನಾನು ರೊಟ್ಟಿ ಮಾಡಿ ಮುಗಿಸಿ ಬರುವಷ್ಟರಲ್ಲಿ ಬರಣಿಗೆ ಪೂಜೆ ಆಗಿಹೋಗಿತ್ತು. ಮನೆಗೆ ಹೊಸದೇನು ಬಂದರೂ, ಹೊಲಿಗೆ ಮಷೀನಾಗಲಿ ನೇಗಿಲಾಗಲಿ, ಪೂಜೆ ಮಾಡದೆ ಅತ್ತೆ ಮುಟ್ಟಗೊಡುತ್ತಿರಲಿಲ್ಲ. ಗಾಜಿಗೆ ಮೂರು ಬೆರಳಿನ ವಿಭೂತಿ, ಕುಂಕುಮ. ಹಸಿ ಅರಿಷಿಣದಲ್ಲಿ ಅದ್ದಿದ ದಾರವನ್ನು ತಂತಿಯ ಗುಂಡಿಗೆ ಸುತ್ತಿ, ಬರಣಿಯ ಕೊರಳಿಗೆ ಕಂಕಣ ಕಟ್ಟಿ, ಉಳಿದ ತುದಿಯನ್ನು ಕೆಳಗಿನ ಎಲೆ ಅಡಿಕೆಯವರೆಗೆ ಬಿಟ್ಟಿದ್ದರು. ಹುಡುಗಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದರು. ನನಗೂ ಅದನ್ನು ನೋಡಿ ಕಣ್ಣು ತುಂಬಿತು, ತಲೆ ಮಾತ್ರ ಓಡಲಿಲ್ಲ.

ದೊಡ್ಡವ್ವ ಗೋಡೆಗೆ ಒರಗಿ ಕೂತರು. ಓಣಿಯ ಹೆಂಗಸರು ಬಂದರು. ನೆಗೆಣ್ಣಿ ಒಳಬಾಗಿಲಿನ ಚೌಕಟ್ಟಿಗೆ ಆತುಕೊಂಡು ನಿಂತಿದ್ದಳು. ನಾನು ಹಣಿಗೆಯನ್ನು ಕಂಬಳಿಗೆ ತಿಕ್ಕಿ ಗುಂಡಿಗೆ ಹಿಡಿದೆ. ಪಟ್ಟಿ ಮಿಸುಕಲಿಲ್ಲ. ಮತ್ತೆ ತಿಕ್ಕಿದೆ, ತೋಳು ನೋಯುವಷ್ಟು ತಿಕ್ಕಿದೆ. ಪಟ್ಟಿ ಜೋತುಬಿದ್ದದ್ದು ಬಿದ್ದೇ ಇತ್ತು.

"ಆತಿಲ್ಲೋ," ಅಂದರು ದೊಡ್ಡವ್ವ, ದನಿ ಎತ್ತದೆ. "ಕಂಬಳ್ಯಾಗ ಏನೂ ಇಲ್ಲಂತ ನಿನ್ನ ಬರಣಿನ ಹೇಳಿತು. ಇನ್ನ ಉಳಿದದ್ದು ಯಾರ ಮೈಯಾಗೈತಿ, ನೀನ ಹೇಳು."

ಹುಡುಗಿಯ ಪರವಾಗಿ ಸಾಕ್ಷಿ ತರುತ್ತೇನೆ ಅಂತ ಹೋಗಿ ಅವಳ ವಿರುದ್ಧವೇ ಸಾಕ್ಷಿ ನಿಲ್ಲಿಸಿದ್ದೆ. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಬಂಡಿ ಬರಲು ಇನ್ನೂ ದಿನವಿತ್ತು. ಅವಳು ಆಗಲೇ ಬಟ್ಟೆ ಮಡಚಿಡುತ್ತಿದ್ದಳು.

ಬರಣಿಯನ್ನು ಹಿತ್ತಲಿಗೆ ಒಯ್ದೆ. ಬಾವಿಕಟ್ಟೆಗೆ ಅಪ್ಪಳಿಸಿಬಿಡಬೇಕು ಅಂತಲೇ ಒಯ್ದದ್ದು. ಗಾಜು ಒಡೆದರೆ ಬರಿಗಾಲಲ್ಲಿ ಓಡಾಡುವ ನಮಗೇ ಚುಚ್ಚುತ್ತದೆ ಅಂತ ಕೈ ತಡೆಯಿತು. ಪೆಪ್ಪರಮಿಂಟಿನ ಬರಣಿ ಪೆಪ್ಪರಮಿಂಟಿಗೇ ಹೋಗಲಿ ಅಂತ ದಾರ ಬಿಚ್ಚತೊಡಗಿದೆ. ಬೆರಳಿಗೆ ತಣ್ಣಗೆ ತಾಗಿತು. ಗುಂಡಿಯಿಂದ ಕೊರಳಿಗೆ, ಕೊರಳಿಂದ ಎಲೆಗೆ, ಎಲೆಯಿಂದ ನೆಲಕ್ಕೆ ಒದ್ದೆ ದಾರ. ವಿಭೂತಿಯೂ ಒದ್ದೆ. ನಾನು ಹತ್ತಿಸಿದ್ದ ಬಿಜಲಿಯೆಲ್ಲ ಆ ಹಾದಿ ಹಿಡಿದು ನೆಟ್ಟಗೆ ನೆಲಕ್ಕೆ ಇಳಿದುಹೋಗಿತ್ತು. ಕಣ್ಣೆದುರಿಗೇ ಇತ್ತು, ಪೂಜೆ ಅಂತ ಕಂಡಿತ್ತೇ ಹೊರತು ನೀರು ಅಂತ ಕಂಡಿರಲಿಲ್ಲ. ಬರಣಿ ಒರೆಸಿ, ಬಿಸಿಲಿಗಿಟ್ಟು, ಹಣಿಗೆ ಹಿಡಿದೆ. ಪಟ್ಟಿಗಳು ಅಗಲಿದವು.

ಈಗ ಅತ್ತೆಗೆ ಹೇಳುವುದು ಹೇಗೆ? ನಿಮ್ಮ ಪೂಜೆಯಿಂದಲೇ ಕೆಟ್ಟಿತು ಅಂತ ಸೊಸೆ ಹೇಳಿದರೆ ಯಾವ ಅತ್ತೆ ಕೇಳಿಯಾರು. ಆದರೂ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. "ಅತ್ತಿ, ದಾರ ಹಸಿ ಇತ್ತು ರೀ. ಹಸಿ ಇದ್ರ ಬಿಜಲಿ ನಿಲ್ಲಂಗಿಲ್ಲ, ನೆಲಕ್ಕ ಇಳಿದು ಹೋಕ್ಕೈತಿ. ದಾರ ಬಿಚ್ಚಿದ್ನಿ, ನಡದೈತಿ."

ಅತ್ತೆ ನನ್ನ ಕೈಯಲ್ಲಿದ್ದ ದಾರವನ್ನು ತಾವೇ ಇಸಿದುಕೊಂಡರು. ಕೆನ್ನೆಗೆ ಬಿಗಿಯುತ್ತಾರೇನೋ ಅಂದುಕೊಂಡೆ.

"ಲಗ್ನದ ಕಂಕಣನೂ ಕೈಯಾಗ ಎಷ್ಟ್ ದಿನ ಇರತೈತಿ?" ಅಂದರು. "ಕಾರ್ಯ ಮುಗದ ಮ್ಯಾಲೆ ಬಿಚ್ಚಾಕಬೇಕು. ಪೂಜಿ ಆಗೇತಿ, ಬಿಚ್ಚಿದಿ, ಸರಿಯಾತು. ಅಕ್ಕನ್ನ ನಾ ಕರಕೊಂಡು ಬರ್ತೀನಿ."

ನಮ್ಮ ಅತ್ತೆಯ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟಿದ್ದು ಆ ಮಾತಿನಿಂದ. ಅಕ್ಕನನ್ನು ಒಪ್ಪಿಸಲು ಒಳಗೆ ಏನು ಹೇಳಿದರೋ ಗೊತ್ತಿಲ್ಲ, ಮಧ್ಯಾಹ್ನ ದೊಡ್ಡವ್ವ ಹಲ್ಲು ಕಚ್ಚಿಕೊಂಡು ಬಂದು ನಿಂತರು. ಈ ಸಲ ನಾನು ಹಣಿಗೆ ಮುಟ್ಟಲೇ ಇಲ್ಲ. ಅದೇ ಮಣೆ, ಅದೇ ಕಂಬಳಿ ಹಾಕಿದೆ. "ದೊಡ್ಡವ್ವ, ನೀವ ಕುಂದರ್ರಿ," ಅಂದೆ. ಅವರು ಉಟ್ಟ ಸೀರೆಯ ಮೇಲೆ ಅದೇ ಹಸಿರು ಸೀರೆ ಸುತ್ತಿದೆ. ಹಸಿರು ಸೀರೆಯಲ್ಲಿ ಅವರನ್ನು ನೋಡಿ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕಾಲು ಮಡಚಿಸಿ, ಹಿಂದಕ್ಕೆ ಮುಂದಕ್ಕೆ ಚೆನ್ನಾಗಿ ಸರಿದಾಡಿಸಿ, ಮುಂದೆ ಬಾಗಿ ಉಂಗುರದ ಬೆರಳಿಂದ ಬರಣಿಯ ಗುಂಡಿ ಮುಟ್ಟಿರಿ ಅಂದೆ.

ಚಟ್ ಅಂತು. ಬರಣಿಯೊಳಗೆ ಎರಡು ಪಟ್ಟಿಗಳೂ ಅಗಲವಾಗಿ ನಿಂತವು.

ದೊಡ್ಡವ್ವ ತಮ್ಮ ಬೆರಳು ನೋಡಿಕೊಂಡರು, ಬರಣಿ ನೋಡಿದರು. "ಇನ್ನೊಮ್ಮಿ," ಅಂದರು. ಇನ್ನೊಮ್ಮೆಯೂ ಅಷ್ಟೇ ಆಯಿತು. ತಂಗಿಯನ್ನು, ಅಂದರೆ ನಮ್ಮ ಅತ್ತೆಯನ್ನು, ಕೂಡಿಸಿ ನೋಡಿದರು. ಆಮೇಲೆ ಓಣಿಯವರಲ್ಲಿ ಬಹಳ ಗಟ್ಟಿಗಿತ್ತಿ ಅನಿಸಿಕೊಂಡವಳನ್ನು ಕೂಡಿಸಿದರು, ಅವಳು ಕಿರುಚಿದ್ದು ಬಜಾರಕ್ಕೆ ಕೇಳಿಸಿತು. ಎಲ್ಲರ ಬೆರಳಿಗೂ ಪಟ್ಟಿ ಅಗಲಿತು. ನಗುವೋ ನಗು. ನೆಗೆಣ್ಣಿ ಮಾತ್ರ ಚೌಕಟ್ಟಿನಲ್ಲೇ ಇದ್ದಳು, ನಗುತ್ತಿರಲಿಲ್ಲ.

ದೊಡ್ಡವ್ವ ಹಸಿರು ಸೀರೆ ಬಿಚ್ಚಿ ಕೈಯಲ್ಲಿ ಹಿಡಿದರು. "ಹುಡಿಗಿನ ಕರೀರಿ. ಉಡಿ ಅಕ್ಕಿ ತರ್ರಿ," ಅಂದರು. ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ, ಆಮೇಲೂ ಎಂದೂ ಬರಲಿಲ್ಲ.

ಅವಳಿಗೆ ಸೀರೆ ಉಡಿಸುವಾಗ ಕಿವಿಯಲ್ಲಿ ಹೇಳಿದೆ, "ಒಂದ ಕಾಲು ಕೆಳಗ ಇಳಿಬಿಡು. ಬೆರಳು ನೆಲಕ್ಕ ತಾಗಿರಲಿ. ಬಿಜಲಿ ಹಂಗ ಇಳದು ಹೋಕ್ಕೈತಿ, ಕಿಡಿ ಹಾರಂಗಿಲ್ಲ." ಅವಳು "ಹೂಂ ಯಕ್ಕಾ" ಅಂದಳು. ಮಣೆಯ ಮೇಲೆ ಕೂತು, ನಾನು ಹೇಳಿದ ಹಾಗೆ ಕಾಲು ಕೆಳಗೆ ಬಿಟ್ಟಳು. ಹೆಂಗಸರು ಯಥಾಪ್ರಕಾರ ಸರಿ ಅತ್ತ, ಸರಿ ಇತ್ತ ಅಂದರು.

ದೊಡ್ಡವ್ವ ಕುಂಕುಮದ ಬಟ್ಟಲು ಹಿಡಿದು ಎದುರಿಗೆ ಬಂದರು. ಹುಡುಗಿ ತಲೆ ಎತ್ತಿ ಅವರ ಮುಖವನ್ನೇ ನೋಡಿದಳು. ಮನೆಗೆ ಬಂದ ದಿನದಿಂದ ಅವಳು ಹಿರಿಯರ ಮುಖವನ್ನು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ. ನೋಡುತ್ತಲೇ, ಕೆಳಗೆ ಬಿಟ್ಟ ಕಾಲನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡು ಕಂಬಳಿಯ ಮೇಲೆ ಮಡಚಿದಳು. ಹಿಂದಕ್ಕೊಮ್ಮೆ ಸರಿದಳು, ಮುಂದಕ್ಕೊಮ್ಮೆ ಬಂದಳು. ಯಾರೂ ಅವಳನ್ನು ಎಳೆಯಲಿಲ್ಲ, ತಾನಾಗಿಯೇ.

ಆ ಕಾಲನ್ನು ದೊಡ್ಡವ್ವನೂ ನೋಡಿದರು. ಕಾಲು ಮಡಚಿ ಕಂಬಳಿಯ ಮೇಲೆ ಸರಿದಾಡಿ ಮುಂದೆ ಬಾಗಿದರೆ ಏನಾಗುತ್ತದೆ ಅಂತ ಈಗ ಅವರಿಗೂ ಗೊತ್ತಿತ್ತು. ಬೇಕಾದರೆ ಕಾಲು ಕೆಳಗಿಡು ಅನ್ನಬಹುದಿತ್ತು. ಅನ್ನಲಿಲ್ಲ. ಬಟ್ಟಲನ್ನು ಗಟ್ಟಿಯಾಗಿ ಹಿಡಿದು ಬೆರಳು ಚಾಚಿದರು. ಚಟ್ ಅಂತು. ದೊಡ್ಡವ್ವನ ಕಣ್ಣು ಮುಚ್ಚಿ ತೆರೆಯಿತು, ಕೈ ಮಾತ್ರ ಹಿಂದಕ್ಕೆ ಬರಲಿಲ್ಲ. ಹುಡುಗಿಯ ಹಣೆಗೆ ಕುಂಕುಮ ಹಚ್ಚಿದರು, ಎರಡೂ ಕೈಯಿಂದ ಅವಳ ಸೆರಗಿಗೆ ಅಕ್ಕಿ ಸುರಿದರು.